ಹೊಗೆ ಹಿಡಿದ ಮೀನು

ಮೀನಿಗೆ ಹೊಗೆ ಕೊಡುತ್ತಿದ್ದದ್ದು ಕೆಡದಿರಲಿ ಎಂದು. ರುಚಿ ಆಮೇಲಿನ ಮಾತು. ತೀರ್ಥಹಳ್ಳಿ ಸೀಮೆಯ ನಮ್ಮ ಅಡುಗೆಮನೆಯಲ್ಲೂ ಹೀಗೇ ಇತ್ತು, ಈಗ ನಾನಿರುವ ಅಬರ್ಡೀನ್ ಆಸುಪಾಸಿನ ಸ್ಕಾಟ್ಲೆಂಡಿನ ಕಡಲೂರುಗಳಲ್ಲೂ ಹೀಗೇ ಇತ್ತು. ಇವತ್ತು ಎರಡೂ ಕಡೆ ಆ ಅಗತ್ಯ ಮುಗಿದಿದೆ. ಅಲ್ಲಿ ಹೊಗೆಯ ಜೊತೆ ಮೀನೂ ಹೋಯಿತು. ಇಲ್ಲಿ ಹೊಗೆಯ ಮೀನು ಹೆಸರು ಮಾಡಿ ಅಂಗಡಿಯ ಫ್ರಿಜ್ಜಿಗೆ ಬಂದು, ವಾರದ ನಡುವಿನ ಯಾವುದೋ ರಾತ್ರಿ ಅರ್ಧ ಗಂಟೆಯಲ್ಲಿ ನನ್ನ ಮನೆಯ ಪಿಜ್ಜಾ ಆಗುತ್ತದೆ. ಜೊತೆಗೊಂದು ಗ್ಲಾಸು ಬಿಳಿ ವೈನ್. ಈ ಎರಡು ದಾರಿ ಎಲ್ಲಿ ಕವಲೊಡೆದವು ಎನ್ನುವುದು ನನಗೆ ಅಡುಗೆಯಷ್ಟೇ ಮುಖ್ಯ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ತುಂಗೆಯೂ ಮಾಲತಿಯೂ ಕೆಂಪಾಗಿ ಏರುತ್ತಿದ್ದವು. ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ, ತೋಡು, ಗದ್ದೆಗಳ ಕಡೆ ನೀರಿಗೆದುರಾಗಿ ಹತ್ತುತ್ತಿತ್ತು. ಹತ್ತುಮೀನಿನ ಹೊತ್ತೆಂದರೆ ಊರಿಗೆ ಊರೇ ನಿದ್ದೆಗೆಡುವ ಹೊತ್ತು. ಗಂಡಸರು ಮೀನು ಹಿಡಿಯುವ ಕೂಣಿ ಹೊತ್ತು, ಗ್ಯಾಸ್‌ಲೈಟು ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರು. ಬೆಳಗಿನ ಜಾವ ಬುಟ್ಟಿ ತುಂಬ ಮೀನು ತಂದು ಹಿತ್ತಲ ಜಗಲಿಗೆ ಸುರಿದರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಮುಂದಿನದು ಅವ್ವ, ದೊಡ್ಡಮ್ಮ, ಗದ್ದೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರ ಪಾಲು. ಬೂದಿ ಹಚ್ಚಿ ಉಜ್ಜಬೇಕು, ಹೊಟ್ಟೆ ಸೀಳಿ ತೊಳೆಯಬೇಕು, ಉಪ್ಪು ಅರಿಶಿನ ಸವರಬೇಕು. ಆ ದಿನಕ್ಕೆ ಬೇಕಾದಷ್ಟು ಸಾರಿಗೆ, ಉಳಿದದ್ದೆಲ್ಲ ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಗೆ.

ಆ ತಟ್ಟಿಯ ಮೇಲೆ ಮೀನೊಂದೇ ಇರುತ್ತಿರಲಿಲ್ಲ. ಬೀಜಕ್ಕಿಟ್ಟ ಸೌತೆ, ವಾಟೆಹುಳಿ, ಮಳೆಯಲ್ಲಿ ನೆನೆದ ಸೌದೆ, ಒಮ್ಮೊಮ್ಮೆ ಹಸಿ ಕಂಬಳಿ, ಎಲ್ಲಕ್ಕೂ ಒಲೆಯ ಬಿಸಿಯೇ ಗತಿ. ಜಡಿಮಳೆಯಲ್ಲಿ ಬಿಸಿಲು ಕಾಣದ ಊರಿನಲ್ಲಿ ಒಣಗಿಸಲು ಬೇರೆ ಜಾಗ ಇರಲಿಲ್ಲ. ಮೀನಿನ ಎಣ್ಣೆ ಹನಿ ಹನಿಯಾಗಿ ಕೆಂಡಕ್ಕೆ ಬಿದ್ದು ಚುರ್ ಎನ್ನುತ್ತಿತ್ತು. ಮೊದಲ ದಿನ ಬೆಳ್ಳಿಬಣ್ಣದ ಸಿಪ್ಪೆ ಹಳದಿಗೆ ತಿರುಗುತ್ತಿತ್ತು, ಆಮೇಲೆ ಕಂದು, ಕೊನೆಗೆ ಕಪ್ಪು. ಮಗುಚಿ ಹಾಕುವುದು ಮರೆತರೆ ಮೇಲ್ಮೈ ಮೆತ್ತಗೇ ಉಳಿದು ವಾಸನೆ ಬರುತ್ತಿತ್ತು. ‘ಒಲೆ ಆರಿಸ್ಬೇಡ ಮಾರಾಯ್ತಿ, ಹೊಗೆ ತಪ್ಪಿದ್ರೆ ಹುಳ ಬೀಳ್ತದೆ’ ಎಂದು ಅವ್ವ ಎಚ್ಚರಿಸುತ್ತಿದ್ದಳು. ಉಪ್ಪು ಮೀನಿನೊಳಗಿನ ನೀರು ಹೀರುತ್ತದೆ, ಹೊಗೆಯಲ್ಲಿರುವ ಫಿನಾಲ್, ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಸೂಕ್ಷ್ಮಜೀವಿ ಬೆಳೆಯದಂತೆ, ಎಣ್ಣೆ ಮುಗ್ಗಾಗದಂತೆ ತಡೆಯುತ್ತವೆ. ಅವ್ವನಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಹುಳ ಗೊತ್ತಿತ್ತು.

ಆ ಮೀನು ರುಚಿಯಾಗಿತ್ತೇ ಎಂದು ಮಕ್ಕಳು ಕೇಳುತ್ತಾರೆ. ಗಟ್ಟಿಯಾಗಿತ್ತು, ಹೊರಗಡೆ ಕಹಿಯಾಗಿತ್ತು. ಬಿಸಿನೀರಿನಲ್ಲಿ ನೆನೆಸಿ, ಮಸಿ ತೊಳೆದು, ಮುರಿದು, ವಾಟೆಹುಳಿ ಹಾಕಿ ಕುದಿಸಿದ ಮೇಲೆ ಸಾರು ಬಹಳ ಚೆನ್ನಾಗಿರುತ್ತಿತ್ತು. ಆಷಾಢದಲ್ಲಿ ತರಕಾರಿ ಸಿಗದ ವಾರಗಳಲ್ಲಿ ಅಕ್ಕಿರೊಟ್ಟಿಗೆ ಅದೇ ಜೊತೆ. ಆದರೆ ಅದೇ ಹೊಗೆ ಅವ್ವನ ಕಣ್ಣನ್ನೂ ಎದೆಯನ್ನೂ ಹಿಡಿದಿತ್ತು. ಅವಳ ಕೆಮ್ಮು ಮಳೆಗಾಲದ ಎಲ್ಲ ಬೆಳಗಿನ ಸದ್ದು. ಸೌದೆ ಒಲೆಯ ಹೊಗೆ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎನ್ನುವುದು ಈಗ ಎಲ್ಲರಿಗೂ ತಿಳಿದಿದೆ. ಹಾಗಾಗಿ ಆ ತಟ್ಟಿ ಕಾಣೆಯಾದದ್ದಕ್ಕೆ ನನಗೆ ದುಃಖವಿಲ್ಲ.

ಕಾಣೆಯಾದದ್ದು ಒಂದೇ ಸಲಕ್ಕಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಹಳ್ಳಿಮನೆಗಳಿಗೆಂದು ಚಿಮಣಿಯಿರುವ ಒಲೆಯನ್ನು ರೂಪಿಸಿದರು. ಅಸ್ತ್ರ ಒಲೆ ಎಂದೇ ಅದು 1980ರ ದಶಕದಲ್ಲಿ ಊರೂರಿಗೆ ಬಂತು. ಸೌದೆ ಕಡಿಮೆ, ಹೊಗೆ ಚಿಮಣಿಯ ಮೂಲಕ ಹೊರಗೆ. ನಮ್ಮ ಮನೆಗೆ ಅದು ಬಂದ ವರ್ಷ ತಟ್ಟಿಯ ಮೇಲಿನ ಮೀನಿಗೆ ಹೊಗೆಯೇ ಸಿಗಲಿಲ್ಲ. ಆಮೇಲೆ ಗ್ಯಾಸ್, ಆಮೇಲೆ ಫ್ರಿಜ್ಜು. ಅಷ್ಟರಲ್ಲಿ ಹತ್ತುವ ಮೀನೂ ಕಡಿಮೆಯಾಗಿತ್ತು. ಮೊಟ್ಟೆ ತುಂಬಿದ ಮೀನನ್ನು ಮೊಟ್ಟೆ ಇಡುವ ಮುಂಚೆಯೇ ಬುಟ್ಟಿಗಟ್ಟಲೆ ಹಿಡಿದರೆ ಹೊಳೆ ಎಷ್ಟು ಕಾಲ ಕೊಟ್ಟೀತು? ಆ ಸಂಭ್ರಮದಲ್ಲಿ ಈ ತಪ್ಪು ಇತ್ತು ಎಂದು ಹೇಳದೆ ಹತ್ತುಮೀನಿನ ಕತೆ ಹೇಳುವುದು ಸರಿಯಲ್ಲ.

ಕೆಲಸಕ್ಕೆಂದು ಬೆಂಗಳೂರು ಸೇರಿದಾಗ ನಾನು ಪಿಜ್ಜಾ ಕಂಡದ್ದು ಬೇಕರಿಯಲ್ಲಿ, ಬನ್ನಿನ ಮೇಲೆ ಟೊಮೆಟೊ ಸಾಸು ಬಳಿದ ರೂಪದಲ್ಲಿ. 1996ರ ಜೂನ್‌ನಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲೇ ತೆರೆಯಿತು. ಅಲ್ಲಿಯ ಪಿಜ್ಜಾ ದಪ್ಪ ಹಿಟ್ಟಿನದು, ಮೇಲೆ ಎಳೆಎಳೆಯಾಗಿ ಬರುವ ಚೀಸು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ವೈನ್ 1990ರ ದಶಕದ ಆರಂಭದಿಂದಲೇ ಇದ್ದರೂ, ವೈನ್ ಬೇಕೆಂದರೆ ರಮ್ಮು, ಬ್ರಾಂದಿಯ ಅಂಗಡಿಗೇ ಹೋಗಿ ಗಂಡಸರ ಸಾಲಿನಲ್ಲಿ ನಿಲ್ಲಬೇಕಿತ್ತು. ಹೆಣ್ಣುಮಕ್ಕಳು ಯಾರೂ ಹೋಗುತ್ತಿರಲಿಲ್ಲ. ರಾಜ್ಯ ಸರ್ಕಾರ ವೈನ್ ನೀತಿ ತಂದು ವೈನಿಗೇ ಬೇರೆ ಅಂಗಡಿಗಳಿಗೆ ದಾರಿ ಮಾಡಿದ್ದು 2007ರ ನಂತರ. ಅಷ್ಟು ಹೊತ್ತಿಗೆ ಮನೆಯವರ ತೈಲ ಕಂಪನಿಯ ಕೆಲಸದಿಂದಾಗಿ ನಾವು ಅಬರ್ಡೀನಿಗೆ ಬಂದಾಗಿತ್ತು.

ಅಬರ್ಡೀನಿನಿಂದ ದಕ್ಷಿಣಕ್ಕೆ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಆರ್ಬ್ರೋತ್. ಬಂದರಿನ ಹತ್ತಿರದ ಬೀದಿಗಳಲ್ಲಿ ಮನೆಯ ಹಿತ್ತಲಲ್ಲೇ ಮೀನಿಗೆ ಹೊಗೆ ಹಾಕುವ ಸಣ್ಣ ಸಣ್ಣ ಶೆಡ್ಡುಗಳಿವೆ. ಗಾಳಿಯಲ್ಲಿ ಆ ವಾಸನೆ ಮೂಗಿಗೆ ಬಡಿದ ಮೊದಲ ದಿನವೇ ನನಗೆ ಇಲ್ಲಿ ಏನಾಗುತ್ತಿದೆ ಎಂದು ಕೇಳಬೇಕಾಗಿ ಬರಲಿಲ್ಲ. ಇಲ್ಲಿಯ ಮೀನು ಹ್ಯಾಡಕ್. ತಲೆ ತೆಗೆದು, ಹೊಟ್ಟೆ ಶುಚಿ ಮಾಡಿ, ಉಪ್ಪಿನಲ್ಲಿಟ್ಟು, ಬಾಲಕ್ಕೆ ಬಾಲ ಸೇರಿಸಿ ಸೆಣಬಿನ ದಾರದಲ್ಲಿ ಜೋಡಿ ಜೋಡಿಯಾಗಿ ಕಟ್ಟುತ್ತಾರೆ. ಜೋಡಿಗಳನ್ನು ಕೋಲಿಗೆ ನೇತುಹಾಕಿ, ಬೀಚ್ ಅಥವಾ ಓಕ್ ಮರದ ಬೆಂಕಿಯ ಮೇಲೆ, ಪೀಪಾಯಿಯೊಳಗೆ ಇಳಿಬಿಟ್ಟು, ಮೇಲೆ ಒದ್ದೆ ಗೋಣಿ ಮುಚ್ಚುತ್ತಾರೆ. ಗೋಣಿ ಬೆಂಕಿಯನ್ನು ಉರಿಯಗೊಡುವುದಿಲ್ಲ, ಹೊಗೆ ಮತ್ತು ಹಬೆಯನ್ನು ಒಳಗೇ ಹಿಡಿಯುತ್ತದೆ. ಒಂದು ಗಂಟೆಯೊಳಗೆ ಮೀನು ಹೊಗೆಯನ್ನೂ ಹೀರಿ ಪೂರ್ತಿ ಬೆಂದಿರುತ್ತದೆ. ಇದೇ ಆರ್ಬ್ರೋತ್ ಸ್ಮೋಕಿ. ಬೆಂಕಿಯಿಂದ ಇಳಿಸಿದ ಕೂಡಲೇ ಕಾಗದದಲ್ಲಿಟ್ಟು ಕೊಡುತ್ತಾರೆ. ಸಿಪ್ಪೆ ತಾಮ್ರದ ಬಣ್ಣ, ಒಳಗಿನ ಮಾಂಸ ಕೆನೆಬಣ್ಣ, ಬೆನ್ನುಮೂಳೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರೆ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ.

ಈ ಕಸುಬು ಮೂಲದಲ್ಲಿ ಆರ್ಬ್ರೋತಿನದಲ್ಲ, ಅದರ ಈಶಾನ್ಯಕ್ಕೆ ಕಡಲ ಬಂಡೆಯ ಮೇಲಿರುವ ಆಖ್‌ಮಿಥಿ ಎಂಬ ಸಣ್ಣ ಊರಿನದು. 19ನೇ ಶತಮಾನದಲ್ಲಿ ಆ ಊರಿನ ಬೆಸ್ತರ ಮನೆಗಳು ಒಳ್ಳೆಯ ಬಂದರು ಹುಡುಕಿಕೊಂಡು ಆರ್ಬ್ರೋತಿಗೆ ಬಂದಾಗ ಹೊಗೆಯ ಪೀಪಾಯಿಯೂ ಬಂತು. ಆಖ್‌ಮಿಥಿಯ ಹೆಂಗಸರು ಗಂಡಸರ ಕಾಲು ಒದ್ದೆಯಾಗದಿರಲೆಂದು ಅವರನ್ನು ಬೆನ್ನ ಮೇಲೆ ಹೊತ್ತು, ತಣ್ಣೀರಿನಲ್ಲಿ ನಡೆದು, ದೋಣಿಗೆ ಹತ್ತಿಸುತ್ತಿದ್ದರು. ದಾರದ ನೂರಾರು ಕೊಕ್ಕೆಗಳಿಗೆ ಚಿಪ್ಪುಮೀನಿನ ಮಾಂಸ ಸಿಕ್ಕಿಸುವುದು, ಬಂದ ಮೀನನ್ನು ಸೀಳುವುದು, ಹೊಗೆ ಹಾಕುವುದು, ಬುಟ್ಟಿ ಹೊತ್ತು ಊರೂರು ಮಾರುವುದು, ಎಲ್ಲ ಅವರದೇ. ಇದೇ ಕರಾವಳಿಯಲ್ಲಿ ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿಯರು ಕತ್ತಿ ತಾಗದಿರಲೆಂದು ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು ದುಡಿಯುತ್ತಿದ್ದರು. ಹಳೆಯ ಫೋಟೊಗಳಲ್ಲಿ ಆ ಬೆರಳುಗಳನ್ನು ನೋಡಿದಾಗ ಹಿತ್ತಲ ಜಗಲಿಯ ದೊಡ್ಡಮ್ಮನ ಕೈ ನನಗೆ ನೆನಪಾಯಿತು. ಎರಡು ದೇಶ, ಎರಡು ನೀರು. ಮೀನು ಹಿಡಿದವರ ಕತೆ ಊರು ಹೇಳುತ್ತದೆ, ಕೆಡದಂತೆ ಉಳಿಸಿದವರ ಕತೆ ಯಾರೂ ಹೇಳುವುದಿಲ್ಲ.

ವ್ಯತ್ಯಾಸ ಬಂದದ್ದು ಆಮೇಲೆ. ರೈಲು, ಮಂಜುಗಡ್ಡೆ, ಫ್ರಿಜ್ಜು ಬಂದ ಮೇಲೆ ಸ್ಕಾಟ್ಲೆಂಡಿನಲ್ಲೂ ಮೀನಿಗೆ ಹೊಗೆ ಬೇಕಿರಲಿಲ್ಲ. ಇಲ್ಲಿಯವರು ಉಪ್ಪನ್ನು ಕಡಿಮೆ ಮಾಡಿದರು, ಹೊಗೆಯ ಹೊತ್ತನ್ನು ಮೊಟಕುಮಾಡಿದರು, ಮಾಂಸ ಒದ್ದೆಯಾಗಿ ಮೆತ್ತಗೆ ಉಳಿಯುವಂತೆ ನೋಡಿಕೊಂಡರು. ಇಂದಿನ ಸ್ಮೋಕಿ ಫ್ರಿಜ್ಜಿಲ್ಲದೆ ಬಾಳುವುದಿಲ್ಲ. ಯಾವ ಕೆಲಸಕ್ಕೆಂದು ಹೊಗೆ ಹಾಕುತ್ತಿದ್ದರೋ ಆ ಕೆಲಸವನ್ನು ಈಗ ಫ್ರಿಜ್ಜು ಮಾಡುತ್ತದೆ. 2004ರಲ್ಲಿ ಸ್ಮೋಕಿಗೆ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿತು. ಆರ್ಬ್ರೋತಿನ ಸುತ್ತ 8 ಕಿಲೋಮೀಟರಿನೊಳಗೆ, ಜೋಡಿ ಕಟ್ಟಿ ಸೌದೆ ಬೆಂಕಿಯ ಮೇಲೆ ಹೊಗೆ ಹಾಕುವ ಹಳೆಯ ಕ್ರಮದಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹೆಸರಿಗೆ ಬೆಲೆ ಬಂತು, ಬೆಲೆ ಬಂದಾಗ ಶೆಡ್ಡು ಉಳಿಯಿತು. ನಮ್ಮ ಕಡೆ ಹೊಗೆಯ ಮೀನು ಬಡತನದ, ಮಳೆಗಾಲದ ಪದಾರ್ಥವಾಗಿಯೇ ಇತ್ತು. ಕೈಯಲ್ಲಿ ಕಾಸಾಡಿದ ಕೂಡಲೇ ಬಿಟ್ಟೆವು. ಅದನ್ನು ಹಗುರ ಮಾಡಿ, ತಿದ್ದಿ, ಬೇರೆ ರೀತಿ ತಿನ್ನಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಈಗ ನನ್ನ ಪಿಜ್ಜಾ. ಇದಕ್ಕೆ ಯೀಸ್ಟು ಬೇಡ, ರಾತ್ರಿಯಿಡೀ ಹಿಟ್ಟು ಹುದುಗುವುದೂ ಬೇಡ. ಬೇಕಿಂಗ್ ಪೌಡರ್ ಸೇರಿರುವ ಮೈದಾ 200 ಗ್ರಾಂ, ಗಟ್ಟಿ ಮೊಸರು ಅಷ್ಟೇ ತೂಕ, ಚಿಟಿಕೆ ಉಪ್ಪು. ಎರಡು ನಿಮಿಷ ನಾದಿ ಮುಚ್ಚಿಡುವುದು. ಓವನಿನ ಮೇಲಿನ ಗ್ರಿಲ್ಲನ್ನು ಪೂರ್ತಿ ಬಿಸಿಗಿಟ್ಟು, ಒಲೆಯ ಮೇಲೆ ಬೀಡುಕಬ್ಬಿಣದ ಕಾವಲಿಯನ್ನು ಹೊಗೆಯಾಡುವಷ್ಟು ಕಾಯಿಸುವುದು. ಹಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಕೈಯಲ್ಲೇ ತಟ್ಟಿ ಕಾವಲಿಗೆ ಹಾಕಿದರೆ ಮೂರು ನಿಮಿಷದಲ್ಲಿ ಅಡಿಯಲ್ಲಿ ಕಂದು ಚುಕ್ಕೆ ಏಳುತ್ತವೆ, ಮೇಲೆ ಗುಳ್ಳೆ ಬರುತ್ತದೆ. ನೇಪಲ್ಸಿನ ಪಿಜ್ಜಾ 485 ಡಿಗ್ರಿಯ ಸೌದೆ ಗೂಡಿನಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಮನೆಯ ಓವನಿಗೆ ಆ ಶಾಖವಿಲ್ಲ. ಕೆಳಗಿನ ಕಾವನ್ನು ಕಾವಲಿ, ಮೇಲಿನದನ್ನು ಗ್ರಿಲ್ಲು ಕೊಟ್ಟರೆ ಅದರ ಹತ್ತಿರಕ್ಕೆ ಬರಬಹುದು.

ಟೊಮೆಟೊ ಸಾಸು ಹಚ್ಚುವುದಿಲ್ಲ. ಟೊಮೆಟೊದ ಸಿಹಿಹುಳಿ ಹೊಗೆಯನ್ನು ನುಂಗಿಬಿಡುತ್ತದೆ. ಮೊಝರೆಲ್ಲಾ ಕೂಡ ಬೇಡ, ಎಳೆಯುವ ಚೀಸಿನ ಕೆಳಗೆ ಮೀನಿನ ಪದರ ಗೊತ್ತೇ ಆಗುವುದಿಲ್ಲ. ಹುಳಿಗೆನೆಗೆ ನಿಂಬೆಸಿಪ್ಪೆಯ ತುರಿ, ಒಂದು ಚಮಚ ಸಾಸಿವೆ ಪೇಸ್ಟು ಬೆರೆಸಿ ತೆಳ್ಳಗೆ ಬಳಿಯುತ್ತೇನೆ. ಅದರ ಮೇಲೆ ಬೆಂದ ಆಲೂಗಡ್ಡೆಯ ಕಾಗದದಷ್ಟು ತೆಳುವಾದ ಬಿಲ್ಲೆ, ವಿನಿಗರಿನಲ್ಲಿ ನೆನೆದ ಈರುಳ್ಳಿ. ಕಾವಲಿಯ ಸಮೇತ ಗ್ರಿಲ್ಲಿನ ಕೆಳಗೆ ನಾಲ್ಕು ನಿಮಿಷ. ಅಂಚು ಕಪ್ಪಿಡುವ ಹೊತ್ತಿಗೆ ಹೊರಗೆಳೆದು, ಬಿಡಿಸಿಟ್ಟ ಸ್ಮೋಕಿಯನ್ನು ದೊಡ್ಡ ದೊಡ್ಡ ಪದರವಾಗಿ ಹರಡಿ ಮತ್ತೆ ಒಂದೇ ನಿಮಿಷ. ಆ ಮೀನು ಆಗಲೇ ಬೆಂದದ್ದು. ಇನ್ನೊಮ್ಮೆ ಬೇಯಿಸಿದರೆ ನಾರಾಗುತ್ತದೆ, ಉಪ್ಪು ಮುಂದೆ ಬರುತ್ತದೆ. ಮೆಣಸಿನ ಪುಡಿ ಒತ್ತಿದ ಹೊಗೆಯ ಮ್ಯಾಕರೆಲ್ ಹಾಕುವುದಾದರೂ ಇದೇ ಕ್ರಮ. ಬೇಯಿಸದೆ ತಣ್ಣನೆಯ ಹೊಗೆ ಕೊಟ್ಟ ಸಾಮನ್ ಆದರೆ ಒಲೆಯ ಮುಖವನ್ನೇ ತೋರಿಸಬಾರದು. ಲಾಸ್ ಏಂಜಲೀಸಿನಲ್ಲಿ 1982ರಲ್ಲಿ ಸ್ಪಾಗೊ ಹೋಟೆಲ್ ತೆರೆದ ವೋಲ್ಫ್‌ಗ್ಯಾಂಗ್ ಪಕ್ ಎಂಬ ಅಡುಗೆಯವರು ಸಾಮನ್ ಪಿಜ್ಜಾಕ್ಕೆ ಹೆಸರು ತಂದದ್ದು ಈ ಜಾಣ್ಮೆಯಿಂದಲೇ: ಹಿಟ್ಟು ಬೆಂದು ಹೊರಬಂದ ಮೇಲೆ ಹುಳಿಗೆನೆ, ಅದರ ಮೇಲೆ ಹಸಿ ಹೊಗೆಯ ಮೀನು.

ಮೂಳೆ ಬಿಡಿಸುವ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಸ್ಮೋಕಿಯ ನಡುಮೂಳೆ ಒಂದೇ ಎಳೆತಕ್ಕೆ ಬರುತ್ತದೆ, ಹೊಟ್ಟೆಯ ಕಡೆಯ ಕೂದಲಿನಂಥ ಮುಳ್ಳುಗಳು ಉಳಿಯುತ್ತವೆ. ಬೆರಳ ತುದಿಯಲ್ಲಿ ತಡವಿ ಒಂದೊಂದೇ ತೆಗೆಯಬೇಕು. ಸಾರಿನಲ್ಲಾದರೆ ಬಾಯಿಯೇ ಮುಳ್ಳನ್ನು ಹುಡುಕುತ್ತದೆ. ಪಿಜ್ಜಾವನ್ನು ದೊಡ್ಡ ತುತ್ತಾಗಿ ಕಚ್ಚುತ್ತೇವೆ, ಅಲ್ಲಿ ಮುಳ್ಳಿಗೆ ಜಾಗವಿಲ್ಲ. ನಮ್ಮ ಮನೆಯಲ್ಲಿ ಇದು ಮನೆಯವರ ಪಾಲಿನ ಕೆಲಸ. ಹಿಟ್ಟು ತಟ್ಟುವಷ್ಟರಲ್ಲಿ ಅವರ ತಟ್ಟೆ ಸಿದ್ಧವಾಗಿರುತ್ತದೆ.

ವೈನಿನ ವಿಷಯದಲ್ಲಿ ಗೊಂದಲ ಬೇಕಿಲ್ಲ. ಈ ತಟ್ಟೆಯಲ್ಲಿ ಮೂರು ಗಟ್ಟಿ ಸಂಗತಿಗಳಿವೆ: ಉಪ್ಪು, ಹೊಗೆ, ಕೊಬ್ಬು. ಮೂರಕ್ಕೂ ಬೇಕಾದದ್ದು ಹುಳಿ. ಹುಳಿ ಚೆನ್ನಾಗಿರುವ ಬಿಳಿ ವೈನ್ ಕೆನೆಯನ್ನೂ ಮೀನಿನ ಎಣ್ಣೆಯನ್ನೂ ನಾಲಿಗೆಯಿಂದ ತೊಳೆದು ಮುಂದಿನ ತುತ್ತಿಗೆ ಬಾಯಿಯನ್ನು ಸಿದ್ಧ ಮಾಡುತ್ತದೆ. ವಾಟೆಹುಳಿ ಸಾರಿನಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಹ್ಯಾಡಕ್ ಸೌಮ್ಯವಾದ ಮೀನು, ಅದಕ್ಕೆ ಫ್ರಾನ್ಸಿನ ಮಸ್ಕಡೆ ಅಥವಾ ಸ್ಪೇನಿನ ಆಲ್ಬರೀನ್ಯೊ ಸರಿಹೋಗುತ್ತದೆ. ಮೆಣಸಿನ ಮ್ಯಾಕರೆಲ್ಲಿಗೆ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಅದರಲ್ಲೂ ತುಸು ಸಿಹಿ ಉಳಿಸಿಕೊಂಡ ಕಬಿನೆಟ್. ಆ ಸಿಹಿ ಖಾರವನ್ನೂ ಉಪ್ಪನ್ನೂ ತಗ್ಗಿಸುತ್ತದೆ. ಓಕ್ ಪೀಪಾಯಿಯ ವಾಸನೆ ಜೋರಾಗಿರುವ ಶಾರ್ಡನೆ ಬೇಡ, ಮೀನಿನ ಹೊಗೆಗೆ ಮರದ ವಾಸನೆಯೂ ಸೇರಿ ಕಹಿ ಉಳಿಯುತ್ತದೆ. ಕೆಂಪು ವೈನನ್ನು ಬದಿಗಿಡುವುದಕ್ಕೂ ಕಾರಣವಿದೆ. ಎಣ್ಣೆಯ ಮೀನಿನ ಜೊತೆ ಕುಡಿದರೆ ಬಾಯಲ್ಲಿ ತುಕ್ಕಿನಂಥ, ಹಳಸಿದ ಮೀನಿನಂಥ ರುಚಿ ನಿಲ್ಲುತ್ತದೆ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನೊಂದಿಗೆ ಸೇರಿ ಇದನ್ನು ಉಂಟುಮಾಡುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬಿಳಿ ವೈನ್ 8ರಿಂದ 10 ಡಿಗ್ರಿಯಲ್ಲಿರಲಿ. ಫ್ರಿಜ್ಜಿನಿಂದ ತೆಗೆದು ಕಾವಲಿ ಕಾಯುವಷ್ಟು ಹೊತ್ತು ಹೊರಗಿಟ್ಟರೆ ಆ ಹದಕ್ಕೆ ಬರುತ್ತದೆ.

ಇಲ್ಲಿ ವೈನ್ ಕೊಳ್ಳುವುದಕ್ಕೂ ಲೆಕ್ಕವಿದೆ. ಸ್ಕಾಟ್ಲೆಂಡಿನ ಅಂಗಡಿಗಳಲ್ಲಿ ಮದ್ಯ ಸಿಗುವುದು ಬೆಳಗ್ಗೆ 10ರಿಂದ ರಾತ್ರಿ 10ರವರೆಗೆ. 2018ರಿಂದ ಮದ್ಯಾಂಶದ ಯೂನಿಟ್ಟಿಗೆ ಕನಿಷ್ಠ ಬೆಲೆ ಕಟ್ಟಿದ್ದಾರೆ, 2024ರ ಸೆಪ್ಟೆಂಬರ್ ಕೊನೆಯಿಂದ ಅದು 65 ಪೆನ್ಸ್. ಶೇಕಡಾ 12ರ ಸಾಮಾನ್ಯ ಬಾಟಲಿಯಲ್ಲಿ 9 ಯೂನಿಟ್, ಅಂದರೆ 5 ಪೌಂಡ್ 85 ಪೆನ್ಸಿಗಿಂತ ಕಡಿಮೆಗೆ ಮಾರುವಂತಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾನು ಮಲೆನಾಡಿನಲ್ಲೂ ನೋಡಿದ್ದೇನೆ, ಈ ಕಾಯಿದೆ ನನಗೆ ಸರಿಯೆನ್ನಿಸುತ್ತದೆ. ಊಟದ ಜೊತೆ ಒಂದು ಗ್ಲಾಸು, ಬಾಟಲಿಗೆ ಬಿರಡೆ ಹಾಕಿ ಒಳಗಿಡುವುದು, ಇಷ್ಟೇ ನಮ್ಮ ಪದ್ಧತಿ. ಅವ್ವ ಒಮ್ಮೆ ಬಂದಿದ್ದಾಗ ಪಿಜ್ಜಾ ತಿಂದು, ‘ಮೀನಿಗೆ ಹೊಗೆ ಸಾಲ್ದು, ಆದ್ರೆ ಹಲ್ಲಿಗೆ ಕೆಲ್ಸ ಇಲ್ಲ, ಒಳ್ಳೇದಾಯ್ತು’ ಎಂದಳು. ವೈನ್ ಬೇಡವೆಂದಳು. ನಾನು ಕುಡಿದದ್ದಕ್ಕೆ ಏನೂ ಹೇಳಲಿಲ್ಲ.

ಕರ್ನಾಟಕದಲ್ಲಿರುವವರು ಇದನ್ನು ಮಾಡಲು ಆರ್ಬ್ರೋತಿಗೆ ಬರಬೇಕಿಲ್ಲ. ಕಡಲ ಮೀನುಗಾರಿಕೆಯ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ, ಆಮೇಲಿನ ತಿಂಗಳುಗಳಲ್ಲಿ ಬಂಗುಡೆ ಧಾರಾಳ. ಬಂಗುಡೆಯೂ ಮ್ಯಾಕರೆಲ್ ಬಳಗದ್ದೇ, ಎಣ್ಣೆಯಿರುವ ಮೀನು, ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಬೆನ್ನ ಕಡೆಯಿಂದ ಸೀಳಿ ಅಗಲಿಸಿ, ಲೀಟರ್ ನೀರಿಗೆ 80 ಗ್ರಾಂ ಉಪ್ಪು ಕರಗಿಸಿ ಅರ್ಧ ಗಂಟೆ ನೆನೆಸಬೇಕು. ಒರೆಸಿ ಫ್ಯಾನಿನ ಗಾಳಿಗೆ ಇಟ್ಟು ಮೇಲ್ಮೈ ಅಂಟಂಟಾಗುವವರೆಗೆ ಒಣಗಿಸಬೇಕು. ಒದ್ದೆ ಮೀನಿಗೆ ಹೊಗೆ ಹತ್ತುವುದಿಲ್ಲ, ಮಸಿ ಹತ್ತುತ್ತದೆ. ಹಳೆಯ ದಪ್ಪ ಬಾಣಲೆಗೆ ಫಾಯಿಲ್ ಹಾಸಿ ಎರಡು ಚಮಚ ಅಕ್ಕಿ, ಎರಡು ಚಮಚ ಟೀಪುಡಿ, ಒಂದು ಚಮಚ ಸಕ್ಕರೆ ಹಾಕಿ, ಮೇಲೆ ಜಾಲರಿಯಿಟ್ಟು ಮೀನು ಹರಡಿ, ಮುಚ್ಚಳದ ಅಂಚಿಗೆ ಕಣಕ ಮೆತ್ತಬೇಕು. ಹೊಗೆ ಎದ್ದ ಮೇಲೆ ಮಧ್ಯಮ ಉರಿಯಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಮಾಂಸ ಪದರ ಪದರವಾಗಿ ಬಿಟ್ಟುಕೊಂಡರೆ ಆಯಿತು. ಎಕ್ಸಾಸ್ಟ್ ಫ್ಯಾನ್ ಓಡಲಿ, ಕಿಟಕಿ ತೆರೆದಿರಲಿ. ನಂದಿ ಬೆಟ್ಟದ್ದೋ ನಾಸಿಕದ್ದೋ ಸೊವಿನ್ಯೋ ಬ್ಲಾಂಕ್ ಇದಕ್ಕೆ ಒಪ್ಪುತ್ತದೆ, ಹುಳಿ ಚೆನ್ನಾಗಿರುವ ಶೆನಾ ಬ್ಲಾಂಕ್ ಆದರೂ ಸರಿ.

ಇದು ನಮ್ಮ ಒಲೆಯ ಮೇಲಿನ ತಟ್ಟಿಯ ಮೀನಲ್ಲ, ಆಗಬೇಕಾಗಿಯೂ ಇಲ್ಲ. ಹತ್ತುಮೀನು ಹತ್ತಿ ಮೊಟ್ಟೆಯಿಡಲಿ, ಯಾರ ಕಣ್ಣೂ ಉರಿಯದಿರಲಿ. ಆ ಎರಡು ನಷ್ಟವಿಲ್ಲದೆ ಹೊಗೆಯ ರುಚಿ ಸಿಗುವುದಾದರೆ ಅದನ್ನು ಬಿಡಲು ಕಾರಣವಿಲ್ಲ. ಆರ್ಬ್ರೋತಿನವರು ಹಳೆಯದನ್ನು ಹಾಗೇ ಇಟ್ಟುಕೊಂಡಿದ್ದರೆ ಉಪ್ಪುಗಟ್ಟಿದ ಮೀನನ್ನು ಇವತ್ತು ಯಾರೂ ಕೊಳ್ಳುತ್ತಿರಲಿಲ್ಲ. ಅಗತ್ಯ ಮುಗಿದ ಮೇಲೂ ಅದನ್ನು ಹಗುರ ಮಾಡಿ ಇಷ್ಟಪಟ್ಟು ತಿಂದರು, ದುಡ್ಡು ಕೊಟ್ಟು ಕೊಂಡರು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಹೊಗೆಯ ಮೀನು ಮತ್ತೆ ಬರುವುದಿದ್ದರೆ ಇದೇ ದಾರಿಯಲ್ಲಿ ಬರಬೇಕು: ಮಾಡುವವರಿಗೆ ಸರಿಯಾದ ಬೆಲೆ ಸಿಗಬೇಕು, ಮನೆಯಲ್ಲಾದರೆ ಮೀನು ತಂದವರೇ ಸೀಳಿ ಮೂಳೆ ಬಿಡಿಸಬೇಕು.